‘ಆದ್ರ’ ಮತ್ತು ‘ಆದ್ರೂ’ ನಡುವಿನ ಅಲ್ಪವಿರಾಮ

ಆ ದಿನ ಬೆಳಿಗ್ಗೆ ನಲ್ಲಿಗೆ ನೀರು ತಡವಾಗಿ ಬಂತು. ಮಿರಜದ ನಮ್ಮ ಓಣಿಯಲ್ಲಿ ನೀರು ಬರುವ ಮುಂಚೆ ನಲ್ಲಿ ಒಂದು ಸಲ ಕೆಮ್ಮುತ್ತದೆ. ಆ ಕೆಮ್ಮು ಕೇಳಿದ ಮೇಲೆಯೇ ನಾನು ಕೊಡ ಹಿಡಿದು ಹಿತ್ತಲಿಗೆ ಹೋಗುವುದು. ಅಷ್ಟರಲ್ಲಿ ಒಂದು ಸುತ್ತಿನ ಚಹಾ ಆಗಿತ್ತು, ಚಪಾತಿಯ ಕಣಕ ನಾದಿ ಮುಚ್ಚಿಟ್ಟಿದ್ದೆ, ಅತ್ತೆಯವರು ಪಡಸಾಲೆಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಅವರು ಸೊಪ್ಪು ಬಿಡಿಸುವುದನ್ನು ನೋಡಲು ನನಗೆ ಇಷ್ಟ. ದಂಟನ್ನು ಉಗುರಿನಿಂದ ಚಿವುಟಿ ಎಲೆಯನ್ನಷ್ಟೇ ಬುಟ್ಟಿಗೆ ಹಾಕುತ್ತಾರೆ. ಹೂ ಬಂದ ದಂಟು ಕಂಡರೆ ಮಾರಿದವಳನ್ನು ಮೆಲ್ಲಗೆ, ಹೆಚ್ಚು ಸಿಟ್ಟಿಲ್ಲದೆ ಬೈಯುತ್ತಾರೆ.

ನಮ್ಮವರು ಸಾಂಗಲಿಯ ಬಸ್ಸು ಹಿಡಿಯಬೇಕಿತ್ತು. ಸಾಂಗಲಿ, ಮಿರಜ ಎಂದು ಎರಡು ಹೆಸರಿದ್ದರೂ ನಡುವೆ ಊರು ಮುಗಿದದ್ದು ಎಲ್ಲಿ ಎಂದು ಈಗ ಯಾರಿಗೂ ತಿಳಿಯುವುದಿಲ್ಲ. ಆದರೂ ಇವರು ಪರದೇಶಕ್ಕೆ ಹೊರಟವರಂತೆ ದಿನವೂ ಕನ್ನಡಕ, ಕರವಸ್ತ್ರ, ಬಸ್ಸಿನ ಚಿಲ್ಲರೆ ಎಂದು ಒಂದೊಂದನ್ನೇ ಮುಟ್ಟಿ ನೋಡಿಕೊಂಡು ಹೊರಡುತ್ತಾರೆ. ಅವರು ಚಪ್ಪಲಿ ಮೆಟ್ಟುತ್ತಿದ್ದಾಗಲೇ ಪಕ್ಕದ ಮನೆಯ ಸೊಸೆ ನಮ್ಮ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಒಂದು ದಪ್ಪ ಕಾಗದದ ಕಟ್ಟು. ಎರಡನ್ನೂ ಎತ್ತಿ ಹಿಡಿದಿದ್ದಳು, ಹೊಟ್ಟೆಗೆ ತಾಗಬಾರದೆಂದು. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು.

“ಮಾವಶಿ, ಕೆಲಸದಾಗ ಇದ್ದೀರೇನ್ರಿ?”

“ಕೆಲಸ ಯಾವಾಗ ಇರೂದಿಲ್ಲ? ಬಾ, ಕುಂದ್ರು. ಮೊದಲ ಆ ಭಾರ ಇಳಸು.”

ಕುಳಿತಳು. ಕಣ್ಣು ಊದಿದ್ದವು. ಅವಳು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಜೊತೆಗೇ ನರ್ಸಿಂಗಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ತವರು ಹತ್ತಿರದ ಹಳ್ಳಿ ಬೇಡಗ. ಮನೆಮಾತು ಕನ್ನಡ, ಶಾಲೆ ಮರಾಠಿ, ಕಾಲೇಜು ಇಂಗ್ಲಿಷು. ಎರಡು ದಿನಕ್ಕೆ ಅವಳ ಕುಬಸ ಇತ್ತು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವ ಸಮಾರಂಭ. ಅವಳು ಅತ್ತದ್ದು ಮಾತ್ರ ತವರು ನೆನೆದು ಅಲ್ಲ.

ಅವಳ ಥೀಸಿಸ್ಸನ್ನು ಹಿಂದಿನ ದಿನ ಗೈಡ್ ಮೇಡಮ್ಮು ತಿರುಗಿ ಕಳಿಸಿದ್ದರು. ಒಳಗಿನ ವಿಷಯ ಸರಿ ಇದೆ, ಇಂಗ್ಲಿಷಿನಲ್ಲಿ ಜೋಡಿಸುವ ಪದಗಳ ಹತ್ತಿರ ಕಾಮಾಗಳೆಲ್ಲ ತಪ್ಪಿವೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ. ತಿದ್ದಿ ಇವತ್ತು ಸಂಜೆ ಐದರೊಳಗೆ ಕಳಿಸಿದರೆ ಸಹಿ ಮಾಡಿ ಮುಂದೆ ಕಳಿಸುತ್ತೇನೆ, ಇಲ್ಲವಾದರೆ ಮುಂದಿನ ಸಲ ಎಂದು ಬರೆದಿದ್ದರು.

“ಮುಂದಿನ ಸಲ ಕಳಿಸಿದ್ರ ಏನಾತು?” ಎಂದರು ಅತ್ತೆಯವರು, ಸೊಪ್ಪಿನಿಂದ ತಲೆ ಎತ್ತದೆ.

“ಆಯಿ, ಮುಂದಿನ ಸಲ ಅಂದ್ರ ಕೈಯಾಗ ಕೂಸು ಇರ್ತೈತಿ. ಆಮ್ಯಾಲ ನಾ ಈ ಕಾಗದ ತಗದ ನೋಡ್ತೇನಿ ಅಂತೀರೇನ? ಇದು ಮುಗದ್ರ ಕಾಲೇಜಿನ್ಯಾಗ ಕಲಸೂ ನೌಕರಿ ಕೊಡ್ತೇವಿ ಅಂದಾರ. ಇಲ್ಲಾಂದ್ರ ಮತ್ತ ಅದ ನೈಟ್ ಡ್ಯೂಟಿ. ಕೂಸು ಬಿಟ್ಟ ನೈಟ್ ಡ್ಯೂಟಿಗೆ ಹೋಗಾಕ ನಮ್ಮನ್ಯಾಗ ಬಿಡೂದಿಲ್ಲ. ನನಗೂ ಆಗೂದಿಲ್ಲ. ಮನ್ಯಾಗ ಕುಂದ್ರೂದ ಆಕ್ಕೈತಿ.”

ಅತ್ತೆಯವರು ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿದರು. “ಹಂಗಾರ ಕಾಮಾ ತಿದ್ರಿ,” ಎಂದರು, ತಾವೇ ನನಗೆ ರಜೆ ಕೊಟ್ಟವರಂತೆ. “ಚಪಾತಿ ನಾ ಮಾಡ್ತೇನಿ.”

ಅವಳು ನನ್ನ ಹತ್ತಿರವೇ ಏಕೆ ಬಂದಳು ಎಂದರೆ, ನಮ್ಮ ಓಣಿಯಲ್ಲಿ ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆಳಗಾವಿಯಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಆ ಓದಿನಿಂದ ನಾನು ನೌಕರಿ ಮಾಡಲಿಲ್ಲ. ಆದರೆ ಓಣಿಯ ಮಿಕ್ಸರಿನ ಗ್ಯಾರಂಟಿ ಕಾರ್ಡು, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮಕ್ಕಳ ಶಾಲೆಗೆ ಬರೆಯುವ ರಜೆ ಚೀಟಿ ಎಲ್ಲ ನಮ್ಮ ಅಡುಗೆ ಮನೆಯ ಕಟ್ಟೆಯ ಮೇಲೆ ಒಮ್ಮೆ ಕುಳಿತು ಹೋಗುತ್ತವೆ. ಥೀಸಿಸ್ಸು ಬಂದದ್ದು ಅದೇ ಮೊದಲು.

ಕಟ್ಟು ಬಿಚ್ಚಿದೆ. ಸಾಂಗಲಿಯ ಕಡೆ ಅರಿಸಿನ ಆರಿಸುವ ಹೆಣ್ಣುಮಕ್ಕಳು ದಿನವಿಡೀ ಎಷ್ಟು ನೀರು ಕುಡಿಯುತ್ತಾರೆ, ಯಾಕೆ ಕಡಿಮೆ ಕುಡಿಯುತ್ತಾರೆ ಎನ್ನುವುದು ಅವಳ ವಿಷಯ. ತಾನೇ ಹೋಗಿ ಅವರ ಪಕ್ಕದಲ್ಲಿ ಕುಳಿತು, ಮಾತಾಡಿಸಿ ಬರೆದಿದ್ದಳು. ಆ ದಿನಗಳಲ್ಲಿ ಸಂಜೆ ಅವಳು ಗೋಡೆಯ ಆಚೆ ಬಟ್ಟೆ ಒಗೆದರೆ ಕಾಲುವೆಯ ನೀರು ಹಳದಿಯಾಗಿ ಹರಿಯುತ್ತಿದ್ದುದು ನನಗೆ ನೆನಪಿತ್ತು. ಎರಡನೇ ಪುಟದಲ್ಲೇ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಹೆಣ್ಣುಮಕ್ಕಳು ನೀರು ಕಡಿಮೆ ಕುಡಿಯುತ್ತಾರೆ ಬಿಕಾಸ್ ಎಂದು ಬರೆದು, ಅಲ್ಲೊಂದು ಕಾಮಾ ಹಾಕಿ, ಹತ್ತಿರದಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲ ಎಂದು ಮುಗಿಸಿದ್ದಳು. ಮುಂದಿನ ಪುಟದಲ್ಲಿ ‘ದ್ಯಾಟ್’ ಆದ ಮೇಲೆ ಕಾಮಾ. ‘ಬಟ್’ ಆದ ಮೇಲೆ ಕಾಮಾ. ‘ಸೋ’ ಆದ ಮೇಲೂ.

ನಾನು ಆ ವಾಕ್ಯವನ್ನು ಬಾಯಿ ಬಿಟ್ಟು ಓದಿದೆ. ಓದುತ್ತ ಅವಳ ದನಿಯೇ ಕೇಳಿಸಿತು. “ಯಾಕಂದ್ರ,” ಎಂದು ಹೇಳಿ ಅವಳು ಹುಬ್ಬು ಎತ್ತಿ ಒಂದು ಕ್ಷಣ ನಿಲ್ಲುತ್ತಾಳೆ. ಅವಳಷ್ಟೇ ಅಲ್ಲ, ನಾವೆಲ್ಲ ನಿಲ್ಲುತ್ತೇವೆ. “ಏನಂದ್ರ,” ಎಂದು ನಿಂತು, ಎದುರಿನವರು ತಲೆ ಎತ್ತಿದ ಮೇಲೆ ಮುಂದಿನದನ್ನು ಹೇಳುತ್ತೇವೆ. ಆ ನಿಲುಗಡೆಯಲ್ಲೇ ಅರ್ಧ ಸ್ವಾರಸ್ಯ. ಇವಳು ಇಂಗ್ಲಿಷು ಬರೆದಿದ್ದಳು, ಉಸಿರು ಮಾತ್ರ ಬೇಡಗದ್ದು.

ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ನಿಯಮವೂ ಇಲ್ಲಿ ಕೈ ಕೊಟ್ಟಿತು. ಅವರು ನಮ್ಮನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಮಾ, ಎನ್ನುತ್ತಿದ್ದರು. ಅವರ ಉಸಿರಿಗೆ ಅದು ಸರಿಯೇ ಇತ್ತು. ನಮ್ಮ ಉಸಿರು ಬೇರೆ ಕಡೆ ನಿಲ್ಲುತ್ತದೆ ಎಂದು ಅವರಿಗಾಗಲಿ, ಬೆಂಚಿನ ಮೇಲೆ ನಿಂತ ನಮಗಾಗಲಿ ಯಾರು ಹೇಳಬೇಕು?

“ನೋಡು,” ಎಂದೆ. “ನಮ್ಮಲ್ಲಿ ‘ಯಾಕಂದ್ರ’ ಅಂದ ಮ್ಯಾಲ ನಿಲ್ತೇವಿ. ಇಂಗ್ಲಿಷಿನ್ಯಾಗ ‘ಬಿಕಾಸ್’ ಅನ್ನೂದು ಮುಂದಿನ ಮಾತಿನ ಕೈ ಹಿಡಕೊಂಡ ಬರ್ತೈತಿ. ಆ ಎರಡರ ನಡುವ ಕಾಮಾ ಹಾಕಿದ್ರ ಕೈ ಬಿಡಿಸಿದಂಗ.”

“‘ದ್ಯಾಟ್’ಗೂ ಹಂಗನೇನ್ರಿ?”

“ಅದಕ್ಕೂ ಹಂಗನ. ‘ಬಟ್’ಗೂ. ಕಾಮಾ ‘ಬಟ್’ನ ಹಿಂದ, ಮುಂದ ಅಲ್ಲ.”

ಒಲೆಯ ಮುಂದಿನಿಂದ ಅತ್ತೆಯವರ ದನಿ ಬಂತು. “ಇಂಗ್ಲಿಷ್ ಮಂದಿಗೆ ದಮ್ಮ ಜಾಸ್ತಿ ಕಾಣಸ್ತೈತಿ, ನಡುವ ನಿಲ್ಲೂದ ಇಲ್ಲ.”

“ನಿಲ್ತಾರ್ರಿ ಅತ್ತಿ. ನಾವು ಓಡೂ ಕಡೆ ಅವ್ರು ನಿಲ್ತಾರ.”

ಅದೇ ಎರಡನೆಯ ತೊಂದರೆ. ನಿಲ್ಲಬಾರದ ಕಡೆ ನಿಂತವಳು ನಿಲ್ಲಬೇಕಾದ ಕಡೆ ಓಡಿಬಿಟ್ಟಿದ್ದಳು. ‘ಹೌಎವರ್’, ‘ದೇರ್‌ಫೋರ್’, ‘ಮೋರೋವರ್’ ಎಲ್ಲವೂ ಎರಡು ವಾಕ್ಯಗಳ ನಡುವೆ ಬರೀ ಒಂದು ಕಾಮಾದ ಆಸರೆಯಲ್ಲಿ ತೂಗಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಬಾಯಾರಿತ್ತು, ಹೌಎವರ್ ಅವರು ನೀರು ಕುಡಿಯಲಿಲ್ಲ ಎಂದು. ಅವಳ ತಪ್ಪೇನೂ ಇಲ್ಲ. ‘ಬಟ್’ ಅಂದರೂ ‘ಆದ್ರ’, ‘ಹೌಎವರ್’ ಅಂದರೂ ‘ಆದ್ರ’. ನಮಗೆ ಇರುವುದು ಒಂದೇ ಮಾತು. ಒಂದೇ ಮಾತಿಗೆ ಎರಡು ಥರದ ಮರ್ಯಾದೆ ಯಾಕೆ ಎಂದು ಅವಳು ಕೇಳಿದ್ದರಲ್ಲಿ ನ್ಯಾಯವಿತ್ತು.

ಉತ್ತರಕ್ಕಾಗಿ ನಾನು ವ್ಯಾಕರಣ ಹುಡುಕಿದೆ, ಸಿಗಲಿಲ್ಲ. ಮರ್ಯಾದೆ ಎಂದಳಲ್ಲ, ಅದನ್ನೇ ಹಿಡಿದುಕೊಂಡೆ.

“‘ಬಟ್’ ಅಂದ್ರ ಮನೀ ಮಗಳು,” ಎಂದೆ. “ಅಕಿ ಬಂದ್ರ ಬಾಗಲಾ ಅರ್ಧಾ ತಗದ್ರೂ ಸಾಕು. ಅಷ್ಟ ಒಂದ ಕಾಮಾ. ಒಳಗ ಬಂದು ಸೀದಾ ಅಡಗಿ ಮನೀಗೆ ಹೋಗ್ತಾಳ, ಕುಂದ್ರು ಅಂತನೂ ಅನ್ನಬೇಕಾಗಿಲ್ಲ. ‘ಹೌಎವರ್’ ಅಂದ್ರ ಅಳಿಯಾ. ಅಂವ ಬರೂ ಮುಂದ ಮನ್ಯಾಗಿನ ಮಾತು ಪೂರಾ ಮುಗದಿರಬೇಕು. ಅದು ಫುಲ್‌ಸ್ಟಾಪು. ಬಂದ ಮ್ಯಾಲ ಕೈಕಾಲಿಗೆ ನೀರ ಕೊಟ್ಟು, ಗಾದಿ ಮ್ಯಾಲ ಕುಂದರಸಿ, ಒಂದ ಗಳಿಗಿ ಸುಮ್ಮನಿರಬೇಕು. ಅದು ಕಾಮಾ. ಆಮ್ಯಾಲ ಮುಂದಿನ ಮಾತು.”

ಬೆಳಗಿನಿಂದ ಮೊದಲ ಸಲ ಅವಳು ನಕ್ಕಳು. “ನಮ್ಮ ಮನಿಯವ್ರ ಹಂಗ ನೋಡ್ರಿ. ಬೇಡಗಕ್ಕ ಬಂದ್ರಂದ್ರ ನಮ್ಮಪ್ಪ ಟಿವಿ ಸೈತ ಬಂದ್ ಮಾಡ್ತಾನ.”

“ಹೂಂ. ಟಿವಿ ಬಂದ್ ಆಗದ ‘ಹೌಎವರ್’ ಒಳಗ ಬರೂದಿಲ್ಲ.”

“ಈ ಚುಕ್ಕಿ ಮ್ಯಾಲ, ಕಾಮಾ ಕೆಳಗ ಐತೆಲ್ರಿ, ಸೆಮಿಕೋಲನ್? ಗೈಡ್ ಮೇಡಮ್ ಒಂದೆರಡು ಕಡೆ ಹಾಕ್ಯಾರ.”

ಇದಕ್ಕೆ ಅತ್ತೆಯವರೇ ಉತ್ತರ ಕೊಟ್ಟರು. “ಅದು ಓಣ್ಯಾಗ ಇರೂ ಅಳಿಯಾ ಇರಬೇಕು. ದಿನಾ ಬರಾಂವಗ ಟಿವಿ ಯಾರ ಬಂದ್ ಮಾಡ್ತಾರ? ಸ್ವಲ್ಪ ಆವಾಜ ಕಡಿಮಿ ಮಾಡೂದು.”

ಅವರು ತಮಾಷೆಗೆ ಅಂದರು. ಯೋಚಿಸಿ ನೋಡಿದರೆ ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಹೀಗೆ ಸಂಬಂಧ ಕಟ್ಟಿಕೊಂಡ ಮೇಲೆ ಕೆಲಸ ಓಡಿತು. ಅವಳು ಓದುವಳು, ನಾನು ಪೆನ್ಸಿಲಿನಿಂದ ಗೀಟು ಹಾಕುವೆ. ‘ದೇರ್‌ಫೋರ್’ ಬಂದರೆ “ಅಳಿಯಾ” ಎನ್ನುವಳು. ‘ಬಟ್’ ಬಂದರೆ “ಮಗಳು”. ‘ಫಾರ್ ಎಕ್ಸಾಂಪಲ್’ ವಾಕ್ಯದ ನಡುವೆ ಸಿಕ್ಕಿದಾಗ ಇಬ್ಬರಿಗೂ ಸಂಬಂಧ ಹೊಳೆಯಲಿಲ್ಲ. ಕೊನೆಗೆ ಸಾಂಗಲಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರಾಗಿ ನಡುವೆ ಕುಳಿತವರು ಎಂದುಕೊಂಡೆವು. ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಸರಿದು ಜಾಗ ಕೊಡಬೇಕು. ಎರಡೂ ಕಡೆ ಕಾಮಾ. ಒಂದೇ ಕಡೆ ಹಾಕಿದರೆ ಪಾಪ, ಅವರು ಸೀಟಿನಿಂದ ಬೀಳುತ್ತಾರೆ.

ನಡುವೆ ಒಮ್ಮೆ ಅವಳು ತಿದ್ದಿದ ಪುಟವನ್ನು ತನ್ನ ಕಡೆ ಎಳೆದುಕೊಂಡಳು. ಅಳಿಸಿದ ಕಾಮಾಗಳನ್ನು ಬೆರಳಿನಿಂದ ಸವರುತ್ತ, “ಮಾವಶಿ, ಇವನ್ನೆಲ್ಲಾ ತಗದ್ರ ಇದು ನಾ ಬರದಂಗ ಅನಸೂದಿಲ್ರಿ,” ಎಂದಳು.

ನನಗೂ ಹಾಗೇ ಅನಿಸಿತ್ತು. ಹುಬ್ಬು ಎತ್ತಿ ನಿಲ್ಲುವ ಆ ಹುಡುಗಿ ಪುಟದಿಂದ ಪುಟಕ್ಕೆ ಕಡಿಮೆಯಾಗುತ್ತಿದ್ದಳು. ಆದರೆ ಥೀಸಿಸ್ಸಿನ ಕೊನೆಯ ಪುಟಗಳಲ್ಲಿ ಆ ಹೆಣ್ಣುಮಕ್ಕಳು ಆಡಿದ ಮಾತನ್ನು ಅವರು ಆಡಿದ ಹಾಗೇ, ಕನ್ನಡದಲ್ಲಿ ಕೆಲವು, ಮರಾಠಿಯಲ್ಲಿ ಕೆಲವು, ಸೇರಿಸಿದ್ದಳು. ಅಲ್ಲಿ “ಯಾಕಂದ್ರ,” ಎಂದು ನಿಂತ ಬಾಯಿಗಳು ನಿಂತ ಹಾಗೇ ಇದ್ದವು. ಆ ಪುಟಗಳನ್ನು ತೋರಿಸಿ, “ಇಲ್ಲಿ ನಾ ಕೈ ಹಚ್ಚೂದಿಲ್ಲ,” ಎಂದೆ. ಅಷ್ಟಕ್ಕೆ ಅವಳು ಸಮಾಧಾನಗೊಂಡಳೋ ಇಲ್ಲವೋ, ಪುಟ ತಿರುಗಿಸಿದಳು.

ಅತ್ತೆಯವರು ಅವಳ ಮುಂದೆ ಮಜ್ಜಿಗೆಯ ಲೋಟ ಇಟ್ಟು ಎಷ್ಟೋ ಹೊತ್ತಾಗಿತ್ತು. ಮೇಲೆ ತಿಳಿನೀರು ನಿಂತಿತ್ತು. “ಮಂದಿ ನೀರ ಕುಡಿಯೂದಿಲ್ಲ ಅಂತ ಇಷ್ಟ ದೊಡ್ಡ ಪುಸ್ತಕ ಬರದಿ,” ಎಂದರು. “ನಿನ್ನ ಲೋಟಾ ಯಾರ ಬರೀಬೇಕು?” ಅವಳು ಒಂದೇ ಗುಟುಕಿಗೆ ಕುಡಿದು, ಮಜ್ಜಿಗೆಯ ಮೀಸೆ ಒರೆಸಿಕೊಂಡಳು.

ಊಟದ ಹೊತ್ತಾಯಿತು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಗೋಡೆಯಾಚೆಯಿಂದ ಅವಳ ಅತ್ತೆ ಎರಡು ಸಲ ಕೂಗಿಯೂ ಆಗಿತ್ತು. ನಮ್ಮ ಎರಡೂ ಮನೆಗಳ ನಡುವೆ ಎದೆಮಟ್ಟದ ಗೋಡೆಯೊಂದೇ. ಆಕೆ ನನಗಿಂತ ನಾಲ್ಕಾರು ವರ್ಷ ಹಿರಿಯಳು. ಒಳ್ಳೆಯ ಹೆಂಗಸು, ಮಾತು ಮಾತ್ರ ಸ್ವಲ್ಪ ಒಗ್ಗರಣೆ. ಹುಟ್ಟಿದ್ದು ಮ್ಹೈಸಾಳ, ಕನ್ನಡ ಆಡುತ್ತ ಆಡುತ್ತ ಯಾವಾಗ ಮರಾಠಿಗೆ ದಾಟುತ್ತಾಳೆ ಎಂದು ಅವಳಿಗೇ ತಿಳಿಯುವುದಿಲ್ಲ. ನಾನು ಗೋಡೆಯ ಹತ್ತಿರ ಹೋಗಿ ಹೇಳಿದೆ.

“ಅಕ್ಕಾರ, ಈಗ ಕಳಸ್ತೇನಿ. ಅಕೀದು ಇನ್ನೂ ಕಾಮಾ ಉಳದಾವ್ರಿ.”

“ಕಾಮಾ ನಮ್ಮನ್ಯಾಗೂ ಉಳದಾವ್ರಿ ವೈನಿ,” ಎಂದಳು ಆಕೆ. “ನಾಡಿದ್ದ ಕುಬಸ ಐತಿ. ಹೋಳಗಿ ಹೂರಣ ಆಗಬೇಕು, ಉಡಿ ಸಾಮಾನ ಆಗಬೇಕು. ನಮ್ಮ ಕಾಮಾ ಬಿಟ್ಟು ನಿಮ್ಮನ್ಯಾಗ ಏನ ಕಾಮಾ ಮಾಡಾಕತ್ತಾಳ?”

ಮರಾಠಿಯಲ್ಲಿ ಕಾಮ ಎಂದರೆ ಕೆಲಸ. ನನಗೆ ಹೊಳೆದದ್ದು ಆಗ. ನಾನು ಹೇಳಿದ್ದು ಅಲ್ಪವಿರಾಮ ಎಂದು ವಿವರಿಸಿದರೆ, ಆಕೆ ಇನ್ನೂ ಗೊಂದಲಕ್ಕೆ ಬಿದ್ದಳು. “ವಿರಾಮ? ವಿರಾಮ ತಗೊಳ್ಳಾಕ ನಮ್ಮನ್ಯಾಗ ಮಂಚ ಇಲ್ಲೇನ್ರಿ?” ಎಂದಳು. ನಾನು ಸೋತು ನಕ್ಕೆ. ಆಕೆ ನಗಲಿಲ್ಲ. “ನಾಲ್ಕಕ್ಕ ಬಳಿಗಾರ್ತಿ ಬರ್ತಾಳ. ಆಗಾದ್ರೂ ಅಕೀನ ಕಳಸ್ರಿ,” ಎಂದು ಒಳಗೆ ಹೋದಳು. ಸೊಸೆಯ ಮುಖ ಮತ್ತೆ ಬೆಳಗಿನ ಹಾಗಾಯಿತು.

“ಹಿಂಗ ಒಂದೊಂದ ಅಳಿಯಾನ್ನ ಹುಡಕಾಕ ಹೊತ್ತಿಲ್ರಿ ಮಾವಶಿ,” ಎಂದಳು, ಕಟ್ಟು ಎತ್ತಿಕೊಳ್ಳುತ್ತ. “ಉಳದದ್ದು ನಾ ಕಂಪ್ಯೂಟರಿಗೆ ಹೇಳ್ತೇನಿ. ಎಲ್ಲೆಲ್ಲಿ ‘ಹೌಎವರ್’ ಐತಿ ಅಲ್ಲೆಲ್ಲಾ ಹಿಂದಿನ ಕಾಮಾ ಫುಲ್‌ಸ್ಟಾಪ್ ಮಾಡು, ಮುಂದ ಕಾಮಾ ಹಾಕು ಅಂದ್ರ ಒಮ್ಮೆಲೆ ಹಾಕ್ತೈತಿ. ‘ದೇರ್‌ಫೋರ್’ಗೂ ಹಂಗ. ಊಟಾ ಮಾಡೂದ್ರಾಗ ಮುಗೀತೈತಿ.”

ಅಷ್ಟು ಸುಲಭವೇ ಎಂದು ನನಗೂ ಹಗುರಾಯಿತು. ಪಾತ್ರೆ ತೊಳೆದು, ಅತ್ತೆಯವರಿಗೆ ಮಾತ್ರೆ ಕೊಟ್ಟು, ಒಗೆದ ಬಟ್ಟೆ ತಂತಿಗೆ ಹಾಕಿದೆ. ಸ್ಟೇಷನ್ ಕಡೆಯಿಂದ ಗಾಡಿಯೊಂದು ಹೊರಟ ಸದ್ದು ಕೇಳಿಸಿತು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಅವಳು ಲ್ಯಾಪ್‌ಟಾಪು ಹಿಡಿದು ತಿರುಗಿ ಬಂದಳು. ಎಲ್ಲ ಆಗಿದೆ, ನೀವೊಮ್ಮೆ ಕಣ್ಣು ಹಾಯಿಸಿದರೆ ಕಳಿಸಿಬಿಡುತ್ತೇನೆ ಎಂದಳು. ನಾನು ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಓದತೊಡಗಿದೆ. ಕಾಮಾಗಳು ಸಾಲಾಗಿ, ಶಿಸ್ತಾಗಿ ಕುಳಿತಿದ್ದವು. ಕೊನೆಯ ಅಧ್ಯಾಯದ ಮೊದಲ ವಾಕ್ಯಕ್ಕೆ ಬಂದಾಗ ಏನೋ ಎಡವಿದ ಹಾಗಾಯಿತು. ತಿರುಗಿ ಓದಿದೆ. ‘ಹೌಎವರ್’, ಕಾಮಾ, ‘ಥರ್ಸ್ಟಿ ದೇ ವರ್’.

“ಇದನ್ನ ಕನ್ನಡದಾಗ ಹೇಳು,” ಎಂದೆ.

“ಅದು ಆ ಹೆಣಮಕ್ಕಳು ಹೇಳಿದ್ದು ಮಾವಶಿ. ‘ಎಷ್ಟ ನೀರಡಿಕಿ ಆದ್ರೂ ನಾವು ಕುಡಿಯೂದಿಲ್ರಿ.’ ಎಲ್ಲಾರೂ ಅದನ ಹೇಳಿದ್ರು. ಅದಕ್ಕ ಅಧ್ಯಾಯದ ತಲಿ ಮ್ಯಾಲ ಇಟ್ಟೇನಿ.”

“ಈಗ ಇಲ್ಲಿ ಏನೈತಿ, ಓದು.”

ಅವಳು ಓದಿದಳು. ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಿರುವಿದಳು. ಅವಳ ತುಟಿ ಅಲುಗುವುದು ಕಾಣುತ್ತಿತ್ತು. “ಆದ್ರ, ನೀರಡಿಕಿ ಆಗಿತ್ತು…” ಎಂದು ನಿಂತಳು. “ಆದ್ರ? ಇದು ‘ಆದ್ರ’ ಆತಲ್ರಿ. ನಾ ಬರದದ್ದು ‘ಆದ್ರೂ’.”

ಹೌದು. ಎಷ್ಟೇ ಬಾಯಾರಿದರೂ ಎನ್ನುವಾಗಲೂ ಇಂಗ್ಲಿಷಿನಲ್ಲಿ ಅದೇ ‘ಹೌಎವರ್’. ಅಲ್ಲಿ ಅದು ಅಳಿಯನಲ್ಲ, ಬಾಯಾರಿಕೆಯನ್ನು ಅಪ್ಪಿಕೊಂಡ ಮಾತು. ಎರಡರ ನಡುವೆ ಕಾಮಾ ಬಂದರೆ ಹೆಣ್ಣುಮಕ್ಕಳಿಗೆ ಬರೀ ಬಾಯಾರಿತ್ತು ಎಂದಷ್ಟೇ ಉಳಿಯುತ್ತದೆ. ಎಷ್ಟೇ ಬಾಯಾರಿದರೂ ಎನ್ನುವ ಹಠ, ಅಸಹಾಯಕತೆ, ಅವಳು ಬಿಸಿಲಲ್ಲಿ ಕುಳಿತು ಕೇಳಿಸಿಕೊಂಡದ್ದು, ಎಲ್ಲ ಹೋಗಿಬಿಡುತ್ತದೆ. ನಾವು ದೀರ್ಘ ಎಳೆದು ಹೇಳುವುದನ್ನು ಅವರು ಕಾಮಾ ತೆಗೆದು ಹೇಳುತ್ತಾರೆ. ಇಷ್ಟು ವರ್ಷ ಎರಡೂ ಭಾಷೆ ಓದಿದ ನನಗೆ ಅದು ಕಂಡದ್ದು ಆ ಮಧ್ಯಾಹ್ನವೇ.

“ಇಂಥಾವು ಎಷ್ಟ ಅದಾವು?”

“ಗೊತ್ತಿಲ್ರಿ. ಇದನ ಮಾತು ತಿರಗಿ ತಿರಗಿ ಬಂದೈತಿ. ಕಂಪ್ಯೂಟರಿಗೆ ಎಲ್ಲಾ ಒಂದ.” ಅವಳು ಗಡಿಯಾರ ನೋಡಿದಳು. “ಮೊದಲಿಂದ ನೋಡಬೇಕಲ್ರಿ. ಐದರೊಳಗ ಆಗೂದಿಲ್ಲ.”

ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು. ಬಳೆಗಾರ್ತಿ ಬಂದಿದ್ದಳು. ನಾನು ಏನಾದರೂ ಹೇಳುವ ಮುಂಚೆ ಅತ್ತೆಯವರು ಎದ್ದು ಗೋಡೆಯ ಹತ್ತಿರ ಹೋದರು. “ಬಳಿ ಇಲ್ಲೇ ಇಡ್ಸೂನು, ಬುಟ್ಟಿ ತಗೊಂಡು ಇಲ್ಲೇ ಬರ್ರಿ,” ಎಂದರು. “ಹುಡುಗಿ ಕೈ ನಿಮಗ ಕೊಡ್ತಾಳ, ಬಾಯಿ ನಮಗ ಕೊಡ್ತಾಳ.”

ಹಾಗಾಗಿ ನಮ್ಮ ಪಡಸಾಲೆಯಲ್ಲಿ ಅವಳ ಎಡಗೈ ಬಳೆಗಾರ್ತಿಯ ಮಡಿಲಲ್ಲಿ, ಅವಳ ಕಣ್ಣು ಲ್ಯಾಪ್‌ಟಾಪಿನ ಮೇಲೆ. ಕೀಲಿ ಒತ್ತುವ ಕೆಲಸ ನನ್ನದಾಯಿತು. ನಾನು ಒಂದೊಂದು ‘ಹೌಎವರ್’ಗೆ ಹೋಗಿ ನಿಲ್ಲುವೆ, ಅವಳು ಆ ವಾಕ್ಯವನ್ನು ಕನ್ನಡದಲ್ಲಿ ಹೇಳುವಳು. ‘ಆದ್ರ’ ಎಂದರೆ ಕಾಮಾ ಇರಲಿ. ‘ಎಷ್ಟ’ ಎಂದು ಶುರುವಾಗಿ ‘ಆದ್ರೂ’ ಬಂದರೆ ತೆಗೆ.

“ಆದ್ರ, ಕೂಲಿಯವರ ಮುಕಾದಮ ನೀರಿನ ಕೊಡಾ ಇಟ್ಟಿದ್ದ.”

“ಇರಲಿ.”

“ಎಷ್ಟ ಬಿಸಿಲ ಆದ್ರೂ ಅವ್ರು ಏಳಲಿಲ್ಲ.”

“ತಗೀತೇನಿ.”

“ಅವ್ವಾ, ಕೈ ಸಡಲ ಬಿಡು, ಗಟ್ಟಿ ಹಿಡದ್ರ ಬಳಿ ಒಡೀತಾವು,” ಎಂದಳು ಬಳೆಗಾರ್ತಿ.

“ಆದ್ರ, ಮುದುಕಿ ಒಬ್ಬಾಕಿ ಕುಡೀತಿದ್ಲು.”

“ಇರಲಿ. ಅಕೀಗೆ ಯಾರ ಹೆದರಿಕಿ?” ಎಂದೆ.

“ಅಕಿ ಅಂದ್ಲು, ಈ ವಯಸ್ಸಿನ್ಯಾಗ ನನ್ನ ಯಾರ ನೋಡ್ತಾರ, ಆ ಗಿಡದ ಮರೀಗೆ ಹೋಗ್ತೇನಿ ಅಂತ.”

ನಡುವೆ ಬಂದು ಕುಳಿತಿದ್ದ ಅವಳ ಅತ್ತೆ ಇದನ್ನೆಲ್ಲ ಕೇಳುತ್ತಿದ್ದಳು. ಬಂದಾಗ ಆಕೆಯ ಮುಖ ಬಿಗಿದಿತ್ತು. ಬಳೆ ಇಡಿಸುವ ಶುಭಕಾರ್ಯದ ನಡುವೆ ಈ ವ್ಯಾಪಾರವೇನು ಎಂಬಂತೆ. ಮುದುಕಿಯ ಮಾತು ಬಂದಾಗ ಆಕೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಇದೆಲ್ಲಾ ಬರದೀ?” ಎಂದು ಸೊಸೆಯನ್ನು ಕೇಳಿದಳು.

“ಹೂಂ ಅತ್ತಿ.”

“ನಾ ಮ್ಹೈಸಾಳದಾಗ ಕಬ್ಬಿಗೆ ಹೋಗತಿದ್ನೆಲ್ಲ, ಆಗ ನಾವೂ ಹಿಂಗ. ಮನೀಗೆ ಬಂದ ಮ್ಯಾಲ ಕುಡಿಯೂದು.” ಬಳೆಗಾರ್ತಿಯ ಕಡೆ ತಿರುಗಿದಳು. “ಇನ್ನ ಒಂದ ಜೋಡಿ ಇಡವ್ವಾ, ಕೈ ತುಂಬಾ ಕಾಣಬೇಕು.”

ಬಲಗೈಗೆ ಬಳೆ ಇಡುವ ಹೊತ್ತಿಗೆ ಕೊನೆಯ ಪುಟಕ್ಕೆ ಬಂದಿದ್ದೆವು. ಕಳಿಸುವ ಗುಂಡಿಯನ್ನು ಅವಳೇ ಒತ್ತಬೇಕು ಎಂದು ನಾನು ಸರಿದೆ. ಎರಡೂ ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಅವಳು ಒತ್ತಿದಳು. ಐದಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಬಳೆಗಾರ್ತಿ ಬುಟ್ಟಿ ಕಟ್ಟುತ್ತ, ಬಸುರಿಗೆ ಗಂಡು ಕೂಸೇ ಆಗುತ್ತದೆ, ಮುಂಗೈ ನೋಡಿದರೆ ಗೊತ್ತಾಗುತ್ತದೆ ಎಂದಳು. ಹೋದ ತಿಂಗಳು ಎದುರು ಮನೆಯವಳಿಗೂ ಹಾಗೇ ಅಂದಿದ್ದಿ, ಹೆಣ್ಣಾತು ಎಂದರು ಅತ್ತೆಯವರು.

ಉತ್ತರ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅವಳು ಫೋನು ಹಿಡಿದು ಗೋಡೆಯ ಹತ್ತಿರ ಓಡುತ್ತ ಬಂದಳು. ಓಡಬೇಡ ಎಂದು ಅತ್ತೆಯವರೂ ನಾನೂ ಒಟ್ಟಿಗೆ ಕೂಗಿದೆವು. ಓದಿ ನೋಡಿದ್ದೇನೆ, ಭಾಷೆ ಸರಿಯಾಗಿದೆ, ಸಹಿ ಮಾಡಿ ಮುಂದೆ ಕಳಿಸಿದ್ದೇನೆ, ಈಗ ವಿಶ್ರಾಂತಿ ತಗೋ ಎಂದು ಗೈಡ್ ಮೇಡಮ್ಮು ಬರೆದಿದ್ದರು. ಆ ಎರಡು ಸಾಲನ್ನು ಅವಳು ಫೋನು ನನ್ನ ಕಡೆ ಹಿಡಿದು ಮೂರು ಸಲ ಓದಿ ಹೇಳಿದಳು. ಅವರ ಸಾಲಿನಲ್ಲೂ ಒಂದು ಕಾಮಾ ತಪ್ಪಿತ್ತು. ಅವಳಿಗೂ ಕಂಡಿತ್ತು, ನನಗೂ ಕಂಡಿತ್ತು. ಅವಳು ಕಣ್ಣು ಒರೆಸಿಕೊಂಡು, ಗಂಡನಿಗೆ ಫೋನು ಮಾಡುತ್ತೇನೆ ಎಂದು ಒಳಗೆ ಹೋದಳು.

ನಮ್ಮವರು ಸಾಂಗಲಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ನಾನು ಹಿತ್ತಲಿನ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಒಂದು ಚಿಕ್ಕ ಬಟ್ಟಲು ಚಾಚಿದಳು. ಹೆಪ್ಪು ಹಾಕಲು ಮೊಸರು ಬೇಕಂತೆ, ಅವರ ಮನೆಯದು ಇವತ್ತಿನ ಗದ್ದಲದಲ್ಲಿ ಹುಳಿಯಾಗಿ ಹೋಗಿತ್ತು. ನಾನು ಒಳಗಿನಿಂದ ಮೊಸರು ತಂದು ಬಟ್ಟಲಿಗೆ ಹಾಕಿದೆ. ಸಾಕೇನ್ರಿ ಎಂದೆ, ಸಾಕು ಎಂದಳು. ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ಹೊರಟವಳು, ತಿರುಗಿ ನೋಡದೆಯೇ ಹೇಳಿದಳು:

“ಅಕೀಗೆ ಹೇಳ್ಬಿಡ್ರಿ ವೈನಿ, ಕಾಲೇಜಿಗೆ ಹೋಗೂಮುಂದ ಕೂಸು ಹಗಲಿ ನನ್ನ ಕಡೆ ಇರ್ತೈತಿ. ರಾತ್ರಿ ಅತ್ತರ ಅಕೀನ ಏಳಬೇಕು, ನನಗ ನಿದ್ದಿ ಆಗಬೇಕ್ರಿ.”